ಊಟದ ಹೊತ್ತಿನ ಸೆನೆಟರು

ಪರದೇಶದಲ್ಲಿ ನಾಲ್ಕು ಜನ ಕನ್ನಡಿಗರು ಒಂದೆಡೆ ಸೇರಿದರೆ ಅಲ್ಲೊಂದು ಸಂಘ ಹುಟ್ಟುತ್ತದೆ. ಐದನೆಯವರು ಬಂದ ದಿನ ಅಲ್ಲೊಂದು ಚುನಾವಣೆ ನಡೆಯುತ್ತದೆ. ಆಮೇಲೆ ನಡೆಯುವುದೆಲ್ಲ ಪ್ರಸಂಗಗಳೇ. ನ್ಯೂರೆಂಬರ್ಗಿನ ನಮ್ಮ ಸಂಘಕ್ಕೆ ನಾನು ಕಾರ್ಯದರ್ಶಿ. ಯಾರೂ ಆ ಕೆಲಸಕ್ಕೆ ಮುಂದೆ ಬರದಿದ್ದ ಸಭೆಯಲ್ಲಿ ನಾನು ಚಹಾ ತರಲು ಅಡುಗೆಮನೆಗೆ ಹೋಗಿದ್ದೆ, ಟ್ರೇ ಹಿಡಿದು ವಾಪಸ್ ಬರುವಷ್ಟರಲ್ಲಿ ಅವಿರೋಧವಾಗಿ ಆಯ್ಕೆಯಾಗಿದ್ದೆ. ಹೊಟ್ಟೆಪಾಡಿಗೆ ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಸಂಘದಲ್ಲಿ ಅದನ್ನು ಪುಕ್ಕಟೆಯಾಗಿ ಮಾಡುತ್ತೇನೆ.

ಇಲ್ಲಿ ಹೇಳುವುದು ನಮ್ಮೂರಿನ ಮಕ್ಕಳ ಒಂದು ನಾಟಕದ ಕತೆ. ಅದನ್ನು ನಾಲ್ಕು ಜನ ಕೂತು ನೋಡಲಿ ಎಂಬುದೊಂದೇ ನಮ್ಮ ಕನ್ನಡ ಟೀಚರ್ ಆಸೆ. ಇಷ್ಟು ಸಣ್ಣ ಆಸೆಗೆ ಅಮೆರಿಕದ ಇತಿಹಾಸ ಅಡ್ಡ ಬಂತು ಎಂದರೆ ನೀವು ನಂಬಲಿಕ್ಕಿಲ್ಲ.

ಮೇಲ್ಮನೆ ಬಂದದ್ದು

ನಮ್ಮ ಸಂಘ ಕಟ್ಟಿದವರು ಒಬ್ಬ ನಿವೃತ್ತ ಎಂಜಿನಿಯರ್. ನಾವೆಲ್ಲ ಇಲ್ಲಿಗೆ ಬರುವ ಎಷ್ಟೋ ಮೊದಲೇ ಬಂದು ನೆಲೆಸಿದವರು. ಅವರನ್ನು ಎಲ್ಲರೂ ಹಿರಿಯರು ಎಂದೇ ಕರೆಯುತ್ತೇವೆ. ಸಭೆಯಲ್ಲಿ ಕೈಯಿರುವ ಕುರ್ಚಿ ಅವರೊಬ್ಬರಿಗೇ.

ಜರ್ಮನಿಯ ಬೇರೆ ಬೇರೆ ಊರಿನ ಕನ್ನಡ ಸಂಘಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿ, ವರ್ಷಕ್ಕೊಂದು ಊರಲ್ಲಿ ರಾಜ್ಯೋತ್ಸವ ಮಾಡೋಣ ಎಂದು ತೀರ್ಮಾನವಾಯಿತು. ಒಕ್ಕೂಟಕ್ಕೆ ಪ್ರತಿ ಊರಿಂದ ಒಬ್ಬ ಪ್ರತಿನಿಧಿ. ಅವರನ್ನು ಆರಿಸುವುದು ಹೇಗೆ ಎಂದು ನಮ್ಮ ಸಂಘದ ಸಾಟ್‌ಸುಂಗ್‌ನಲ್ಲಿ ಬರೆಯಬೇಕಿತ್ತು. ಸಾಟ್‌ಸುಂಗ್ ಎಂದರೆ ಸಂಘದ ನಿಯಮಾವಳಿ. ಅದಿಲ್ಲದೆ ಈ ದೇಶದಲ್ಲಿ ಇಬ್ಬರು ಕೂತು ಚೌಕಾಬಾರ ಆಡಿದರೂ ಅದು ಅಧಿಕೃತವಲ್ಲ. ಬರೆಯುವ ಕೆಲಸ ಸಹಜವಾಗಿಯೇ ಹಿರಿಯರಿಗೆ ಹೋಯಿತು.

ಅವರು ಕನ್ನಡಕ ಏರಿಸಿಕೊಂಡು ಶುರು ಮಾಡಿದರು. "ಅಮೆರಿಕದಲ್ಲಿ ಹಿಂದೆ ಸೆನೆಟರುಗಳನ್ನ ಜನ ಆರಿಸ್ತಿರಲಿಲ್ಲ, ಗೊತ್ತೇನ್ರಪ್ಪ? ಆಯಾ ರಾಜ್ಯದ ಶಾಸನಸಭೆ ಆರಿಸಿ ಕಳಿಸ್ತಿತ್ತು. ರಾಜ್ಯ ದೊಡ್ಡದೋ ಸಣ್ಣದೋ, ಎಲ್ಲರಿಗೂ ಇಬ್ಬಿಬ್ಬರೇ. ಜನಕ್ಕೆ ಆವೇಶ ಜಾಸ್ತಿ. ಶಾಸನಸಭೆಯವರು ಕೂತು, ಯೋಚನೆ ಮಾಡಿ, ತೂಕದ ಮನುಷ್ಯನ್ನ ಕಳಿಸ್ತಾರೆ. ನಾವೂ ಹಾಗೇ ಮಾಡೋಣ. ಜನ ಕಮಿಟೀನ ಆರಿಸಲಿ, ಕಮಿಟಿ ಸೆನೆಟರನ್ನ ಆರಿಸಲಿ."

"ನಮ್ಮ ರಾಜ್ಯಸಭೆ ಥರಾನಾ ಸಾರ್?" ಎಂದು ಯಾರೋ ಕೇಳಿದರು.

"ಅದಕ್ಕಿಂತ ಹಳೇದಯ್ಯ!" ಎಂದರು ಹಿರಿಯರು. ಹಳೆಯದು ಎಂದ ಮೇಲೆ ಒಳ್ಳೆಯದೇ ಇರಬೇಕು ಎಂದು ಸಭೆ ಒಪ್ಪಿತು. ಬೇರೆ ಊರಿನವರೂ ನಮ್ಮ ಬರಹವನ್ನೇ ಕಾಪಿ ಹೊಡೆದು, ಊರಿನ ಹೆಸರು ಮಾತ್ರ ಬದಲಿಸಿಕೊಂಡರು. ಒಂದು ಊರಿನವರು ಅದನ್ನೂ ಬದಲಿಸಲು ಮರೆತು, ಕೆಲವು ತಿಂಗಳು ಕಾಗದದ ಮೇಲೆ ನ್ಯೂರೆಂಬರ್ಗಿನವರೇ ಆಗಿದ್ದರು.

ಅವತ್ತು ಸಭೆಯ ಕೊನೆಯಲ್ಲಿ, ಹೊಸದಾಗಿ ಸದಸ್ಯನಾದ ಹುಡುಗನೊಬ್ಬ ಎದ್ದು ನಿಂತ. "ಸಾರ್, ಎಲ್ಲಾ ಸರಿ. ಇದರಲ್ಲಿ ನಾವು ಸಾಮಾನ್ಯ ಸದಸ್ಯರು ಮಾಡೋದೇನು?"

ಹಿರಿಯರು ಪ್ರೀತಿಯಿಂದಲೇ ಹೇಳಿದರು. "ನೀವು ಊಟಕ್ಕೆ ಬನ್ನಿ, ಸಾಕು."

ಪ್ರಜೆಗಳ ಕಷ್ಟ

ಅಮೆರಿಕದ ಸೆನೆಟ್ಟು ಯುದ್ಧ, ಒಪ್ಪಂದ ಮುಂತಾದ್ದನ್ನು ತೀರ್ಮಾನಿಸುತ್ತದೆ. ನಮ್ಮ ಸೆನೆಟ್ಟು ರಾಜ್ಯೋತ್ಸವದ ದಿನ ಯಾವ ಊರಿನ ಕಾರ್ಯಕ್ರಮ ಊಟಕ್ಕೆ ಮುಂಚೆ, ಯಾವುದು ಊಟದ ಹೊತ್ತಿಗೆ ಎಂದು ತೀರ್ಮಾನಿಸುತ್ತದೆ. ಯುದ್ಧವೇ ವಾಸಿ.

ಮೊದಲ ವರ್ಷ ನಮ್ಮೂರಿನ ಸೆನೆಟರು ಹಿರಿಯರೇ. ಸ್ಲಾಟು ಹಂಚುವ ಸಭೆಯಲ್ಲಿ ಎಲ್ಲರೂ ಬೆಳಗಿನ ಹೊತ್ತಿಗೆ ಕಿತ್ತಾಡುತ್ತಿದ್ದಾಗ ಇವರು ಎದ್ದು, "ಪಾಪ, ಮೊದಲು ನೀವೆಲ್ಲ ತಗೊಳ್ಳಿ. ಉಳಿದದ್ದು ನಮಗಿರಲಿ" ಎಂದರಂತೆ. ಸೌಜನ್ಯದ ಫಲವಾಗಿ ನಮಗೆ ಉಳಿದದ್ದು ಮಧ್ಯಾಹ್ನ ಒಂದು ಗಂಟೆಯ, ಊಟದ ಹೊತ್ತಿನ ಸ್ಲಾಟು.

ನಮ್ಮ ಟೀಚರ್ ವಾರವೆಲ್ಲ ಒಂದು ಲ್ಯಾಬಿನಲ್ಲಿ ದುಡಿದು, ಶನಿವಾರ ಚರ್ಚಿನ ಸಭಾಂಗಣದಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಕಲಿಸುವವರು. ಅ ಎಂದರೆ ಅರಸ ಎಂದು ಇವರು ಹೇಳಿಕೊಟ್ಟರೆ, "ವಾರುಮ್?" ಎಂದು ಕೇಳುವ ಮಕ್ಕಳು ನಮ್ಮವು. ಯಾಕೆ ಎಂದು ಅರ್ಥ. ಅಂಥವರಿಗೆ ಒಂದು ನಾಟಕ ಕಲಿಸಿದ್ದರು, ತಾವೇ ಬರೆದದ್ದು. ಪ್ರಜೆಗಳ ಕಷ್ಟ ಕೇಳಲು ಅರಮನೆ ಬಿಟ್ಟು ಬೀದಿಗೆ ಬರುವ ರಾಜನ ಕತೆ. ರಾಜನ ಪಾತ್ರ ನನ್ನ ಮಗಳದು. ಆರು ತಿಂಗಳು ನಮ್ಮ ಮನೆಯಲ್ಲಿ ಯಾರೂ ಅವಳಿಗೆ ತಟ್ಟೆ ಎತ್ತಿಡು ಎನ್ನುವ ಹಾಗಿರಲಿಲ್ಲ.

ಅವತ್ತು ಒಂದು ಗಂಟೆಗೆ ಪರದೆ ಸರಿಯಿತು. ಅದೇ ಹೊತ್ತಿಗೆ ಹೊರಗಡೆ ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳವೂ ಸರಿಯಿತು. ಒಗ್ಗರಣೆಯ ಘಮ ಒಳಗೆ ಬಂತು, ಜನ ಹೊರಗೆ ಹೋದರು. ನೂಕುನುಗ್ಗಲಿಲ್ಲ, ಗಲಾಟೆಯಿಲ್ಲ, ಅಕ್ಕಪಕ್ಕದವರಿಗೆ "ಸ್ವಲ್ಪ ದಾರಿ" ಎಂದು ಕ್ಷಮೆ ಕೇಳುತ್ತ ಸಭ್ಯವಾಗಿಯೇ ಹೋದರು. ಕೊನೆಗೆ ಒಳಗೆ ಉಳಿದವರು ಟೀಚರ್, ನಾನು, ಮತ್ತೆ ಮೊದಲ ಸಾಲಿನಲ್ಲಿ ನಿದ್ದೆ ಹೋಗಿದ್ದ ಯಾರದೋ ಮಾವನವರು.

ನನ್ನ ಮಗಳು ಕಿರೀಟ ಸರಿಮಾಡಿಕೊಂಡು, ಖಾಲಿ ಕುರ್ಚಿಗಳತ್ತ ಎರಡೂ ಕೈ ಚಾಚಿ ಗಟ್ಟಿಯಾಗಿ ಕೇಳಿದಳು. "ಪ್ರಜೆಗಳೇ! ನಿಮ್ಮ ಕಷ್ಟವೇನು?"

ಹೊರಗಿನ ಸಾಲಿನಿಂದ ಒಂದು ದನಿ ತೇಲಿಬಂತು. "ಉಪ್ಪಿನಕಾಯಿ ಖಾಲಿ!"

ಒಂದು ಕೋಟು ಹಾಜರಿತ್ತು

ಮರುವರ್ಷ ಮಂಡಿನೋವು ಎಂದು ಹಿರಿಯರು ಸೆನೆಟರ್ ಸ್ಥಾನ ಬಿಟ್ಟರು. ಟೀಚರ್‌ಗೆ ಒಳಗೊಳಗೇ ಸಂತೋಷ. "ಈ ಸಲ ಸ್ವಲ್ಪ ಸೌಜನ್ಯ ಕಡಿಮೆ ಇರೋವ್ರನ್ನ ಕಳಿಸ್ರೀ" ಎಂದು ನನ್ನ ಕಿವಿಯಲ್ಲಿ ಹೇಳಿದರು. "ಹನ್ನೊಂದೂವರೆ ಸ್ಲಾಟ್ ಸಿಕ್ಕಿದರೆ ಸಾಕು. ನಾಟಕ ಅದೇ ಇರಲಿ, ಹೇಗೂ ಯಾರೂ ನೋಡಿಲ್ಲ."

ಸೌಜನ್ಯ ಕಡಿಮೆ ಇರುವವರಿಗೆ ನಮ್ಮಲ್ಲಿ ಬರವಿಲ್ಲ. ಇಬ್ಬರು ನಿಂತರು. ಒಬ್ಬರು ಮೈಸೂರಿನವರು, ಇನ್ನೊಬ್ಬರು ಧಾರವಾಡದವರು. ಕಮಿಟಿಯಲ್ಲಿ ಓಟು ಇರುವವರು ಎಂಟು ಜನ. ನಿಂತವರೂ ಬರೆದುಕೊಳ್ಳುವವರೂ ಓಟು ಹಾಕಬಾರದು ಎಂದು ಇನ್ನೊಂದು ನಿಯಮ, ಹಾಗಾಗಿ ಅವರಿಬ್ಬರಿಗೂ ನನಗೂ ಓಟಿಲ್ಲ. ಎಣಿಸಿ ನೋಡಿದರೆ ನಾಲ್ಕು, ನಾಲ್ಕು. ಚಹಾ ಕುಡಿದು ಮತ್ತೆ ಹಾಕಿಸಿದೆವು. ಮತ್ತೂ ನಾಲ್ಕು, ನಾಲ್ಕು. ಸಮ ಬಂದರೆ ಏನು ಮಾಡಬೇಕು ಎಂದು ಸಾಟ್‌ಸುಂಗ್‌ನಲ್ಲಿ ಒಂದು ಸಾಲೂ ಇಲ್ಲ. ತೂಕದ ಮನುಷ್ಯರು ಇಬ್ಬರು ಸಿಗಬಹುದು ಎಂದು ಹಿರಿಯರಿಗೆ ಹೊಳೆದಿರಲಿಲ್ಲ.

"ಒಬ್ಬರು ಬಿಟ್ಟುಕೊಡಬಹುದಲ್ಲ?" ಎಂದೆ.

ಮೈಸೂರಿನವರು ಮೃದುವಾಗಿ ಹೇಳಿದರು. "ನನಗೇನೂ ಆಸೆ ಇಲ್ಲಮ್ಮ. ಆದರೆ ನಾಲ್ಕು ಜನ ನನ್ನ ಮೇಲೆ ನಂಬಿಕೆ ಇಟ್ಟಿದ್ದಾರೆ. ಅವರ ಮನಸ್ಸು ನೋಯಿಸೋದು ಹೇಗೆ?"

ಧಾರವಾಡದವರು ಮೃದುವಾಗಿ ಹೇಳಲಿಲ್ಲ. "ಅಲ್ರೀ ಮೇಡಂ, ನಾ ಏನ್ ಕುರ್ಚಿ ಸಲುವಾಗಿ ನಿಂತೇನೇನ್ರಿ? ನಾಕ್ ಮಂದಿ ನಿಲ್ರಿ ಅಂದ್ರು, ನಿಂತೆ. ಈಗ ಕುಂದ್ರು ಅಂದ್ರ ಹ್ಯಾಂಗ್ರಿ?"

ಚೀಟಿ ಎತ್ತೋಣ ಎಂದರೆ ಅದು ಪ್ರಜಾಪ್ರಭುತ್ವವಲ್ಲ ಎಂದು ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು. ಅವರಿಬ್ಬರೂ ಒಪ್ಪಿದ ಒಂದೇ ಮಾತು ಅದು. ಅಷ್ಟರಲ್ಲಿ ಸಭಾಂಗಣದ ಹೌಸ್‌ಮೈಸ್ಟರ್ ಬೀಗದಕೈ ಗೊಂಚಲು ಆಡಿಸುತ್ತ ಬಾಗಿಲಲ್ಲಿ ನಿಂತ. ಕಟ್ಟಡ ನೋಡಿಕೊಳ್ಳುವ ಆ ಮನುಷ್ಯನಿಗೆ ಆರು ಗಂಟೆ ಎಂದರೆ ಆರು ಗಂಟೆ. ಸಭೆ ಕಾರ್ ಪಾರ್ಕಿಗೆ ಹೋಯಿತು. ಅಲ್ಲಿಯ ಚಳಿಯಲ್ಲಿ ಮತ್ತೊಮ್ಮೆ ಕೈಯೆತ್ತಿಸಿದೆ. ಜೇಬಿನಿಂದ ಯಾರೂ ಕೈ ತೆಗೆಯದೆ ಸೊನ್ನೆ, ಸೊನ್ನೆ ಬಂತು. ಅದೂ ಸಮವೇ.

ಒಕ್ಕೂಟದ ಸಭೆಯ ದಿನ ಬಂದರೂ ನಮಗೆ ಸೆನೆಟರಿಲ್ಲ. ಟಿಪ್ಪಣಿ ಬರೆದುಕೊಳ್ಳಲು ಕಲೋನಿಗೆ ನಾನು ಹೋದೆ. ಕೂರುವ ಹಕ್ಕಿತ್ತು, ಮಾತಾಡುವ ಹಕ್ಕಿರಲಿಲ್ಲ. ಮೇಜಿನ ಮೇಲೆ 'ನ್ಯೂರೆಂಬರ್ಗ್' ಎಂಬ ಫಲಕ, ಅದರ ಹಿಂದೆ ಖಾಲಿ ಕುರ್ಚಿ. ಪಕ್ಕದಲ್ಲಿ ಮ್ಯೂನಿಕ್ಕಿನ ಸೆನೆಟರು. ಇಸ್ತ್ರಿ ಕೆಡದ ಅಂಗಿ, ಇಸ್ತ್ರಿ ಕೆಡದ ಮಾತು. ಅವರು ಬಂದವರೇ ತಮ್ಮ ಚಳಿಕೋಟು ಬಿಚ್ಚಿ ಅತ್ತಿತ್ತ ನೋಡಿ ನಮ್ಮ ಕುರ್ಚಿಗೆ ಹಾಕಿದರು.

ಸ್ಲಾಟು ಹಂಚಿಕೆ ಶುರುವಾಯಿತು. ಮ್ಯೂನಿಕ್‌ಗೆ ಹನ್ನೊಂದೂವರೆ. ಕಲೋನ್‌ಗೆ ಹನ್ನೆರಡು. "ಒಂದು ಗಂಟೆ ನ್ಯೂರೆಂಬರ್ಗಿಗೆ. ಆಕ್ಷೇಪಣೆ ಇದೆಯಾ?" ಎಂದು ಅಧ್ಯಕ್ಷರು ಕೇಳಿದರು. ಎಲ್ಲರೂ ನಮ್ಮ ಕುರ್ಚಿಯತ್ತ ನೋಡಿದರು. ಕೋಟು ಏನೂ ಹೇಳಲಿಲ್ಲ.

ಆ ವರ್ಷದ ನಾಟಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಗಿದ ಮೇಲೆ ಟೀಚರ್ ಕಿರೀಟಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತುತ್ತಿದ್ದರು. ಅವರ ಪಕ್ಕದಲ್ಲಿ ಕೂತು ನಾನೂ ಒಂದೆರಡು ಸುತ್ತಿದೆ. ಸಿಟ್ಟನ್ನೆಲ್ಲ ವರದಿಯಲ್ಲಿ ತೀರಿಸಿಕೊಂಡೆ. ಒಕ್ಕೂಟದ ಸಭೆಯ ಬಗ್ಗೆ ನಾನು ಸಂಘಕ್ಕೆ ಕೊಟ್ಟ ವರದಿಯಲ್ಲಿ ಇವತ್ತಿಗೂ ಈ ಸಾಲಿದೆ: 'ನ್ಯೂರೆಂಬರ್ಗಿನ ಪರವಾಗಿ ಒಂದು ಕೋಟು ಹಾಜರಿತ್ತು.'

ರೆಸಾರ್ಟ್ ರಾಜಕೀಯ

ಮೂರನೆಯ ವರ್ಷವೂ ನಾಲ್ಕು, ನಾಲ್ಕು. ಆಗ ಮೈಸೂರಿನವರಿಗೆ ನಮ್ಮ ನಾಡಿನ ಹಳೆಯ ವಿದ್ಯೆ ನೆನಪಾಯಿತು. ಊರಲ್ಲಿ ಸರ್ಕಾರ ಅಲ್ಲಾಡಿದಾಗ ಶಾಸಕರನ್ನು ಬಸ್ಸಿನಲ್ಲಿ ತುಂಬಿ ರೆಸಾರ್ಟಿಗೆ ಒಯ್ಯುವುದನ್ನು ನಾವೆಲ್ಲ ಟೀವಿಯಲ್ಲಿ ನೋಡಿಯೇ ಬೆಳೆದವರು. ಇಲ್ಲಿ ರೆಸಾರ್ಟು ಎಲ್ಲಿಂದ ತರುವುದು? ಬಿಸಿನೀರಿನ ಕೊಳ, ಸ್ಪಾ, ಹಸಿರು ಬೆಟ್ಟ ಎಂದೆಲ್ಲ ಫೋಟೋ ಹಾಕಿದ್ದ ಒಂದು ಥೆರ್ಮೆ, ಅಂದರೆ ಬಿಸಿನೀರಿನ ಸಾರ್ವಜನಿಕ ಸ್ನಾನಗೃಹ, ಅವರ ಕಣ್ಣಿಗೆ ಬಿತ್ತು. ತಮ್ಮ ಕಡೆಯ ನಾಲ್ವರನ್ನೂ, ಎದುರು ಕಡೆಯಿಂದ ಜಾರಬಹುದು ಎನಿಸಿದ ಒಬ್ಬರನ್ನೂ ಭಾನುವಾರ ಅಲ್ಲಿಗೆ ಕರೆದೊಯ್ದರು. ತಮ್ಮ ಕಡೆಯ ನಾಲ್ವರಲ್ಲಿ ನನ್ನ ಗಂಡನೂ ಒಬ್ಬ. ಆದ್ದರಿಂದ ಈ ಕತೆ ನನಗೆ ಪೂರ್ತಿ ಗೊತ್ತು.

ಹೊಸ ಬರ್ಮುಡಾ ಹಾಕಿಕೊಂಡು, ಹೆಗಲಿಗೆ ಟವೆಲ್ಲು ಹಾಕಿಕೊಂಡು ಆರೂ ಜನ ಬಾಗಿಲು ತಳ್ಳಿ ಒಳಗೆ ಹೋದರು. ಎರಡು ಹೆಜ್ಜೆ ಇಟ್ಟವರು ಅಲ್ಲೇ ನಿಂತರು. ಎದುರಿಗೆ ಗಂಡಸರು, ಹೆಂಗಸರು, ಅಜ್ಜ ಅಜ್ಜಿಯರು, ಎಲ್ಲರೂ ಹುಟ್ಟಿದಾಗ ಇದ್ದ ಹಾಗೆಯೇ ಆರಾಮವಾಗಿ ಓಡಾಡುತ್ತಿದ್ದರು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತಂತೆ: ಸೌನಾ ವಿಭಾಗದಲ್ಲಿ ಬಟ್ಟೆ ನಿಷಿದ್ಧ. ಫೋಟೋಗಳಲ್ಲಿ ಬೆಟ್ಟ ಮಾತ್ರ ಇತ್ತು, ಈ ವಿಷಯ ಇರಲಿಲ್ಲ.

ನೋಡಿಕೊಳ್ಳುವ ಹೆಂಗಸೊಬ್ಬಳು ಬಂದು ಅವರ ಬರ್ಮುಡಾಗಳತ್ತ ಬೆರಳು ತೋರಿಸಿ, ಶುಚಿತ್ವದ ದೃಷ್ಟಿಯಿಂದ ಅವನ್ನು ತೆಗೆಯಬೇಕು ಎಂದು ವಿನಯವಾಗಿ ಹೇಳಿದಳು. ಆರೂ ಜನ ಒಬ್ಬರ ಹಿಂದೆ ಒಬ್ಬರು ಅಡಗಲು ನೋಡಿದರು. ಅದೇ ಗಳಿಗೆಗೆ ಹಬೆಯ ಒಳಗಿಂದ ಒಬ್ಬ ಎತ್ತರದ ಮನುಷ್ಯ ಹೊರಬಂದ. ನೋಡಿದರೆ ನಮ್ಮ ಹೌಸ್‌ಮೈಸ್ಟರ್. ಟವೆಲ್ಲು ಹೆಗಲ ಮೇಲೆ, ಬೀಗದಕೈ ಗೊಂಚಲಿಲ್ಲ, ಬೇರೆ ಏನೂ ಇಲ್ಲ. ಪರಿಚಯದವರನ್ನು ಕಂಡ ಖುಷಿಗೆ "ಗ್ರೂಸ್ ಗಾಟ್!" ಎಂದು ಕೈ ಚಾಚಿ ಆರೂ ಜನರ ಕೈ ಕುಲುಕಿದ. "ಸಭೆ ಈ ಸಲ ಇಲ್ಲೇನಾ?" ಎಂದೂ ಕೇಳಿದ.

ಆಮೇಲೆ ಇಡೀ ಮಧ್ಯಾಹ್ನ ಆರೂ ಜನ ಮೈತುಂಬ ಬಟ್ಟೆ ಹಾಕಿಕೊಂಡು, ಹೊರಗಿನ ಕೆಫೆಯಲ್ಲಿ ಗೋಡೆಗೆ ಮುಖ ಮಾಡಿ ಕೇಕು ತಿಂದರಂತೆ. ಎದುರು ಕಡೆಯಿಂದ ಬಂದಿದ್ದವರಿಗೆ ಆ ಕೇಕು ಬಹಳ ಹಿಡಿಸಿ, ಅವರು ಮೈಸೂರಿನವರ ಕಡೆ ವಾಲಿದರು. ಆದರೆ ನನ್ನ ಗಂಡ ಮನೆಗೆ ಬಂದವನೇ ನೆಟ್ಟಗೆ ಧಾರವಾಡದವರಿಗೆ ಫೋನ್ ಮಾಡಿ, ಇನ್ನು ಮೇಲೆ ತನ್ನ ಓಟು ಅವರಿಗೇ ಎಂದು ಹೇಳಿಬಿಟ್ಟ. ಮತ್ತೆ ಎಣಿಸಿದೆ. ನಾಲ್ಕು, ನಾಲ್ಕು.

ಫೋನಿನ ಆ ಕಡೆಯಿಂದ ಧಾರವಾಡದವರು ನಕ್ಕದ್ದು ನನಗೂ ಕೇಳಿಸಿತು. "ರೆಸಾರ್ಟ್ ರಾಜಕೀಯದಾಗ ಮಾನ ಹೋಗತೈತಿ ಅಂತ ಕೇಳಿದ್ದೆ ಬಿಡ್ರಿ. ಬಾಗಿಲದಾಗೇ ಬಿಚ್ಚಿ ಇಡಂತಾರ ಅಂತ ಗೊತ್ತಿರಲಿಲ್ಲ!"

ಅರ್ಧ ಓದಿದ ಪುಸ್ತಕ

ಈ ಬಿಕ್ಕಟ್ಟಿನಿಂದ ಹೊರಬರುವ ಬಾಗಿಲು ತೆರೆದವಳು ನನ್ನ ಮಗಳು. ಶಾಲೆಯಲ್ಲಿ ಅವಳಿಗೆ ಅಮೆರಿಕದ ಸಂವಿಧಾನದ ಮೇಲೆ ಹತ್ತು ನಿಮಿಷ ಮಾತಾಡುವ ಕೆಲಸ ಕೊಟ್ಟಿದ್ದರು. ತಯಾರಿ ಮಾಡುತ್ತಿದ್ದವಳು ಒಂದು ಸಂಜೆ ಅಡುಗೆಮನೆಗೆ ಓಡಿಬಂದಳು.

"ಅಮ್ಮಾ, ಆ ಸಿಸ್ಟಮ್ ಅವರು ಯಾವಾಗಲೋ ಅಬ್‌ಗೆಶಾಫ್ಟ್!"

"ಕನ್ನಡದಲ್ಲಿ ಹೇಳೇ."

"ತೆಗೆದು ಹಾಕಿದ್ರು. ನೂರು ವರ್ಷಕ್ಕಿಂತ ಹಿಂದೆ! ಶಾಸನಸಭೆಯಲ್ಲಿ ಜಗಳ ಆಗಿ ಸೆನೆಟರ್ ಕುರ್ಚಿ ವರ್ಷಗಟ್ಟಲೆ ಖಾಲಿ ಇರ್ತಿತ್ತಂತೆ. ಲಂಚ ಕೊಡ್ತಿದ್ರಂತೆ. ಒಂದು ಕಡೆ ಟೈಮ್ ಮುಗೀಬಾರದು ಅಂತ ಗಡಿಯಾರ ನಿಲ್ಲಿಸೋಕೆ ಹೋಗಿ ಹೊಡೆದಾಡಿದ್ರಂತೆ. ಅದಕ್ಕೇ ಈಗ ಜನಾನೇ ಡೈರೆಕ್ಟಾಗಿ ಓಟ್ ಹಾಕ್ತಾರೆ." ಉಸಿರು ತಗೊಂಡು ಸೇರಿಸಿದಳು. "ಗೆನಾವ್! ಥೇಟ್ ನಮ್ಮ ಸಂಘದ ಥರಾನೇ!"

ಒಲೆ ಆರಿಸಿ, ಅವಳನ್ನೂ ಕರೆದುಕೊಂಡು ನೇರವಾಗಿ ಹಿರಿಯರ ಮನೆಗೆ ಹೋದೆ. ಟೀಚರ್‌ಗೂ ಫೋನ್ ಮಾಡಿ ಬರಹೇಳಿದೆ. ಮಗಳು ಹೇಳಿದ್ದನ್ನೆಲ್ಲ ಹಿರಿಯರು ಕಣ್ಣು ಮುಚ್ಚಿ ಕೇಳಿದರು.

"ಸಾರ್, ನಿಮಗೆ ಇದು ಗೊತ್ತಿರಲಿಲ್ವಾ?" ಎಂದು ಟೀಚರ್ ಮೆಲ್ಲಗೆ ಕೇಳಿದರು.

"ಏನ್ಮಾಡ್ಲಮ್ಮಾ," ಎಂದರು ಹಿರಿಯರು. "ಅರ್ಧ ಓದಿದ್ದೆ. ಅಷ್ಟರಲ್ಲಿ ಲೈಬ್ರರಿಯವರು ಪುಸ್ತಕ ವಾಪಸ್ ಕೇಳಿದ್ರು."

ನಮಗೆ ನಗು ತಡೆಯಲಾಗಲಿಲ್ಲ. ಹಿರಿಯರೂ ನಕ್ಕರು. ಆದರೆ ಆ ಮನುಷ್ಯನನ್ನು ಮೆಚ್ಚಬೇಕು. ಮುಂದಿನ ಸಭೆಯಲ್ಲಿ ಕೈಯಿರುವ ಕುರ್ಚಿಯಿಂದ ಎದ್ದು, ಸೆನೆಟರನ್ನು ಇನ್ನು ಮೇಲೆ ಸದಸ್ಯರೇ ಆರಿಸಲಿ ಎಂದು ತಾವೇ ಸೂಚಿಸಿದರು. ಕಮಿಟಿಯವರು ಒಪ್ಪುತ್ತಾರೆಯೇ? ಹತ್ತಿಯಷ್ಟು ಹಗುರಾದ ಅಧಿಕಾರವೂ ಕೈಗೆ ಬಂದ ಮೇಲೆ ಬಿಡುವುದು ಕಷ್ಟ. ಮೈಸೂರಿನವರು, "ಜನ ಯೋಚನೆ ಮಾಡದೆ ಓಟು ಹಾಕಿಬಿಡ್ತಾರೆ ಸಾರ್, ನಾವಾದರೆ ಕೂತು ಯೋಚನೆ ಮಾಡ್ತೀವಿ" ಎಂದರು. ಧಾರವಾಡದವರು ಮೊದಲ ಬಾರಿ ಅವರನ್ನು ಬೆಂಬಲಿಸಿ ತಲೆಯಾಡಿಸಿದರು.

ಅದುವರೆಗೆ ಸಭೆಯಲ್ಲಿ ಒಂದು ಮಾತೂ ಆಡದಿದ್ದ ಟೀಚರ್ ಹಿಂದಿನ ಸಾಲಿನಿಂದ ಎದ್ದರು. "ನೀವು ಯೋಚನೆ ಮಾಡ್ತಾ ಕೂತು ಎರಡನೇ ವರ್ಷ ನಡೀತಿದೆ. ಮಂತ್ರಿ ಪಾತ್ರದ ಹುಡುಗನ ದನಿ ಒಡೆದಿದೆ. ಸೇವಕನಿಗೆ ಪಂಚೆ ಮೊಣಕಾಲಿಗೆ ಬರ್ತಿದೆ. ಇನ್ನೊಂದು ವರ್ಷ ಯೋಚಿಸಿದ್ರೆ ನನ್ನ ರಾಜ ಯೂನಿವರ್ಸಿಟಿ ಸೇರ್ತಾಳೆ. ನನ್ನ ಮಕ್ಕಳನ್ನ ಒಂದೇ ಒಂದು ಸಲ ಯಾರಾದ್ರೂ ನೋಡ್ರಪ್ಪಾ." ಸದಸ್ಯರು ಒಬ್ಬೊಬ್ಬರಾಗಿ ಕೈ ಎತ್ತಿದರು. ಸಾಟ್‌ಸುಂಗ್ ಬದಲಿಸಲು ಮುಕ್ಕಾಲು ಪಾಲು ಓಟು ಬೇಕು, ಅದಕ್ಕಿಂತ ಹೆಚ್ಚೇ ಬಂತು. ಎಲ್ಲರ ಕೈ ಮೇಲಿರುವುದನ್ನು ನೋಡಿ ಮೈಸೂರಿನವರೂ ಧಾರವಾಡದವರೂ ಒಟ್ಟಿಗೇ ಎತ್ತಿದರು. ಅದೂ ಸಮಸಮವಾಗಿ.

ತಿದ್ದುಪಡಿಗೆ ಇಲ್ಲಿ ನೋಟರಿಯ ಮುದ್ರೆ ಬೇಕು. ಹಿರಿಯರೂ ನಾನೂ ಹೋದೆವು. ನೋಟರಿ ಹಳೆಯ ನಿಯಮವನ್ನೂ ಹೊಸ ನಿಯಮವನ್ನೂ ಎರಡೆರಡು ಸಲ ಓದಿ, ಕನ್ನಡಕದ ಮೇಲಿಂದ ನೋಡಿದರು. "ಅಂದರೆ ಇಷ್ಟು ದಿನ ಆಯ್ಕೆಯಲ್ಲಿ ಸಾಮಾನ್ಯ ಸದಸ್ಯರ ಪಾತ್ರ ಏನಿತ್ತು?"

ಹಿರಿಯರು ಸುಳ್ಳು ಹೇಳುವವರಲ್ಲ. ಅಚ್ಚ ಜರ್ಮನ್‌ನಲ್ಲಿ ಉತ್ತರಿಸಿದರು. "ಊಟ."

ಸಾಲಿನ ಕೊನೆಗೆ

ನೇರ ಚುನಾವಣೆಯಲ್ಲಿ ಮೈಸೂರಿನವರೂ ನಿಂತರು, ಧಾರವಾಡದವರೂ ನಿಂತರು. ಮೂರನೆಯವರಾಗಿ ಟೀಚರ್ ಹೆಸರನ್ನು ಹಿರಿಯರೇ ಸೂಚಿಸಿದರು. ಟೀಚರ್ "ಅಯ್ಯೋ, ಬೇಡ ಸಾರ್" ಎಂದರು. ನಮ್ಮ ಜನಕ್ಕೆ ಬೇಡ ಎಂದವರ ಮೇಲೆಯೇ ಪ್ರೀತಿ. ಹೆಚ್ಚುಕಡಿಮೆ ಎಲ್ಲ ಓಟೂ ಟೀಚರ್‌ಗೇ ಬಿದ್ದವು. ಉಳಿದಿಬ್ಬರಿಗೆ ಎಷ್ಟೆಷ್ಟು ಎಂದು ನಾನು ಹೇಳಬೇಕಾಗಿಲ್ಲ, ಸಮ.

ಒಕ್ಕೂಟದ ಸಭೆಗೆ ಟೀಚರ್ ಹೊರಟಾಗ ನಾನೂ ಟಿಪ್ಪಣಿಗೆ ಹೋದೆ. ಮ್ಯೂನಿಕ್ಕಿನ ಸೆನೆಟರು ಅಭ್ಯಾಸಬಲದಿಂದ ಕೋಟು ಬಿಚ್ಚಿ ನಮ್ಮ ಕುರ್ಚಿಯತ್ತ ಚಾಚಿದರು. ಕುರ್ಚಿಯಲ್ಲಿ ಟೀಚರ್ ಇದ್ದರು. ಕೋಟು ಬಿಚ್ಚಿದವರ ಕೈಯಲ್ಲೇ ಉಳಿಯಿತು. ಅವತ್ತು ಟೀಚರ್ ಸೌಜನ್ಯವನ್ನೆಲ್ಲ ಮನೆಯಲ್ಲೇ ಬಿಟ್ಟು ಬಂದಿದ್ದರು. ಅಂತೂ ಹನ್ನೊಂದೂವರೆ ಸ್ಲಾಟು ನಮಗೆ ಸಿಕ್ಕಿತು. ವಾಪಸ್ ಬರುವಾಗ ರೈಲಿನಲ್ಲಿ ಅವರು ಕಿಟಕಿಯ ಹೊರಗೆ ನೋಡಿ ಒಬ್ಬರೇ ನಗುತ್ತಿದ್ದರು.

ರಾಜ್ಯೋತ್ಸವ ಆ ವರ್ಷ ಮ್ಯೂನಿಕ್ಕಿನಲ್ಲಿ. ಹನ್ನೊಂದಕ್ಕೇ ನಮ್ಮ ಮಕ್ಕಳು ಬಣ್ಣ ಹಚ್ಚಿಕೊಂಡು ತಯಾರು. ಸಭಾಂಗಣ ತುಂಬಿತ್ತು. ದೀಪ ಬೆಳಗಿಸಿದ ಮೇಲೆ ಮೊದಲ ಕಾರ್ಯಕ್ರಮ ನಮ್ಮದೇ. ದೀಪ ಬೆಳಗಿಸಬೇಕಾದವರು ಮುಖ್ಯ ಅತಿಥಿಗಳು. ಮುಖ್ಯ ಅತಿಥಿಗಳು ರೈಲಿನಲ್ಲಿದ್ದರು. ರೈಲು ಎಲ್ಲಿತ್ತು ಎಂಬುದು ಯಾರಿಗೂ ಗೊತ್ತಿರಲಿಲ್ಲ.

"ಅವರು ಬಂದ ಮೇಲೆ ದೀಪ ಹಚ್ಚಿ, ಈಗ ನಾಟಕ ಆಗಲಿ" ಎಂದೆ.

"ದೀಪ ಹಚ್ಚದೆ ಶುರು ಮಾಡೋದಾ?" ಎಂದು ಸುತ್ತ ನಿಂತಿದ್ದವರೆಲ್ಲ ಬೆಚ್ಚಿದರು. ಮೈಸೂರಿನವರು, ಧಾರವಾಡದವರು, ಮ್ಯೂನಿಕ್ಕಿನವರು ಎಲ್ಲರೂ ಒಂದಾದರು. ಕನ್ನಡಿಗರನ್ನು ಒಂದು ಮಾಡುವುದು ಇಂಥ ವಿಷಯಗಳೇ.

ಅತಿಥಿಗಳು ಬಂದು, ಗಾಳಿಗೆ ಆರುವ ಬತ್ತಿಯನ್ನು ಹಚ್ಚಿ, ಎರಡು ಮಾತು ಎಂದು ಶುರುಮಾಡಿ ಅದನ್ನು ಮುಗಿಸುವಷ್ಟರಲ್ಲಿ ಗಡಿಯಾರ ಸರಿಯಾಗಿ ಒಂದು ಹೊಡೆಯಿತು. ಹೊರಗೆ ಪಾತ್ರೆಯ ಮುಚ್ಚಳ ಸರಿಯಿತು. ಒಗ್ಗರಣೆಯ ಘಮ ಒಳಗೆ ಬಂತು. ಜನ, "ಸ್ವಲ್ಪ ದಾರಿ" ಎನ್ನುತ್ತ, ಸಭ್ಯವಾಗಿ ಎದ್ದರು.

ಟೀಚರ್ ವೇದಿಕೆಯ ಪಕ್ಕದ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅತ್ತರು. ಮೂರು ವರ್ಷ, ಒಂದು ತಿದ್ದುಪಡಿ, ಒಂದು ಚುನಾವಣೆ, ಎಲ್ಲ ಆಗಿ ಮತ್ತೆ ಅದೇ ಖಾಲಿ ಕುರ್ಚಿಗಳು. ಆಗ ಕಿರೀಟ ತೊಟ್ಟ ನನ್ನ ಮಗಳು ಬಂದು ಅವರ ಮುಂದೆ ನಿಂತಳು.

"ಮಿಸ್, ಡೀ ಲಾಯ್ಟೆ ಸಿಂಟ್ ಡೋಖ್ ಡಾ" ಎಂದಳು. ಆಮೇಲೆ, ರಾಜನಿಗೆ ತಕ್ಕ ಕನ್ನಡದಲ್ಲಿ ಮತ್ತೆ ಹೇಳಿದಳು. "ಜನ ಅಲ್ಲೇ ಇದ್ದಾರಲ್ಲ. ಸಾಲಲ್ಲಿ. ಅವರು ಅಲ್ಲಿಂದ ಎಲ್ಲೂ ಹೋಗಲ್ಲ."

ಎಂಥ ಮಾತು ನೋಡಿ! ಹೊರಗೆ ಇಡೀ ಕಾರಿಡಾರಿನುದ್ದಕ್ಕೂ ಸಾಲಿತ್ತು. ಈ ದೇಶ ನಮಗೆ ಕಲಿಸಿದ ಒಂದು ಪಾಠವೆಂದರೆ ಸಾಲು ಬಿಡಬಾರದು. ಬಿಸಿಬೇಳೆಬಾತಿನ ಸಾಲನ್ನಂತೂ ಭೂಕಂಪವಾದರೂ ಯಾರೂ ಬಿಡುವುದಿಲ್ಲ. ಮಕ್ಕಳು ಕತ್ತಿ, ಗುರಾಣಿ, ತುತ್ತೂರಿ ಸಮೇತ ಕಾರಿಡಾರಿಗೆ ನುಗ್ಗಿದರು. ಟೀಚರ್ ಕಣ್ಣೊರೆಸಿಕೊಂಡು ಓಡಿಹೋಗಿ, ಬಡಿಸುವವರ ಮುಂದೆ ನಿಂತು ಹೇಳಿದರು. "ನಾಟಕ ಮುಗಿಯೋವರೆಗೂ ಸೌಟು ಕೆಳಗಿಡಿ. ಸೆನೆಟರ್ ಹೇಳ್ತಿದ್ದೀನಿ."

ಸೌಟುಗಳು ಕೆಳಗಿಳಿದವು. ನನ್ನ ಮಗಳು ಸಾಲಿನ ಮುಂದೆ ಬಂದು, ಎರಡೂ ಕೈ ಚಾಚಿ ಕೇಳಿದಳು. "ಪ್ರಜೆಗಳೇ! ನಿಮ್ಮ ಕಷ್ಟವೇನು?"

"ಹಸಿವು, ಮಹಾಪ್ರಭೂ!" ಎಂದು ಇಡೀ ಸಾಲು ಕೂಗಿತು. ನಾಟಕದಲ್ಲಿ ಇದ್ದ ಉತ್ತರವೂ ಅದೇ. ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ರಾಜ ಮೆಲ್ಲನೆ ಸಾಲಿನುದ್ದಕ್ಕೂ ನಡೆದಳು. ಪ್ರತಿಯೊಬ್ಬರನ್ನೂ ವಿಚಾರಿಸಿದಳು. ತಟ್ಟೆ ಹಿಡಿದವರೆಲ್ಲ ಪ್ರಜೆಗಳಾಗಿ ಗೋಳು ಹೇಳಿಕೊಂಡರು. ಮನೆ ಬಾಡಿಗೆ, ವೀಸಾ, ಚಳಿ, ಅತ್ತೆ. ನಕ್ಕು ನಕ್ಕು ಜನರ ಕಣ್ಣಲ್ಲಿ ನೀರು ಬಂತು. ಕೊನೆಗೆ ಅವಳು ಸಾಲಿನ ತುದಿಗೆ ವಾಪಸ್ ಬಂದಾಗ, ಎಲ್ಲರಿಗಿಂತ ಮುಂದೆ, ತಟ್ಟೆಯಲ್ಲಿ ಆಗಲೇ ಬೂಂದಿ ಹಾಕಿಸಿಕೊಂಡು ನಿಂತಿದ್ದವರು ಮ್ಯೂನಿಕ್ಕಿನ ಸೆನೆಟರು.

"ನೀನಾರು?" ಎಂದಳು ರಾಜ.

ಅವರೂ ಹುಮ್ಮಸ್ಸಿನಲ್ಲಿ ನಾಟಕದ ದನಿ ತೆಗೆದರು. "ನಾನು ಮ್ಯೂನಿಕ್ ದೇಶದ ಸೆನೆಟರ್, ಪ್ರಭೂ!"

"ನಿನ್ನನ್ನು ಆರಿಸಿದವರು ಯಾರು?"

"ಕಮಿಟಿ, ಪ್ರಭೂ..."

"ಪ್ರಜೆಗಳಲ್ಲವೇ?"

ಸಾಲಿನವರೆಲ್ಲ ಕತ್ತು ಚಾಚಿ ನೋಡಿದರು. ಮ್ಯೂನಿಕ್ಕಿನವರು ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ, "ಅಲ್ಲ" ಎಂದರು.

ರಾಜ ಕತ್ತಿ ಎತ್ತಿ ಕಾರಿಡಾರಿನ ಆ ತುದಿಯನ್ನು ತೋರಿಸಿದಳು. "ಹಾಗಾದರೆ ಸಾಲಿನ ಕೊನೆಗೆ ಹೋಗು!"

ಚಪ್ಪಾಳೆ ಎಂದರೆ ಅಂಥ ಚಪ್ಪಾಳೆ. ತಟ್ಟೆಗಳ ಮೇಲೆ ಚಮಚ ಬಡಿದರು. ಇಷ್ಟು ವರ್ಷ ಇಲ್ಲಿದ್ದು ನಿಯಮಕ್ಕೆ ಪಳಗಿದ ಆ ಪುಣ್ಯಾತ್ಮರು, ತಮ್ಮ ಬೂಂದಿಯ ತಟ್ಟೆ ಹಿಡಿದುಕೊಂಡು ನಿಜವಾಗಿಯೂ ಸಾಲಿನ ಕೊನೆಗೆ ನಡೆದೇ ಬಿಟ್ಟರು. ಟೀಚರ್ ಸೌಟಿನ ಪಕ್ಕದಲ್ಲಿ ನಿಂತು ಅಳುತ್ತಲೇ ನಗುತ್ತಿದ್ದರು. ಅವರ ಮಕ್ಕಳನ್ನು ಕೊನೆಗೂ ಇಡೀ ಜರ್ಮನಿಯ ಕನ್ನಡಿಗರು ನೋಡಿದ್ದರು, ತಟ್ಟೆ ಹಿಡಿದುಕೊಂಡೇ.

ಮುಂದಿನ ಸ್ಲಾಟು ಹಂಚಿಕೆಯ ಸಭೆಗೂ ಟೀಚರ್ ಜೊತೆ ನಾನು ಹೋದೆ. ಮ್ಯೂನಿಕ್ಕಿನ ಸೆನೆ​ಟರು ಈ ಸಲ ಜನರಿಂದಲೇ ಆರಿಸಿ ಬಂದಿದ್ದರು, ಅದನ್ನು ಎಲ್ಲರಿಗೂ ಮೂರು ಮೂರು ಸಲ ಹೇಳಿದರು. ಅಧ್ಯಕ್ಷರು ಬಾಯಿ ತೆರೆಯುವ ಮೊದಲೇ ಕೈ ಎತ್ತಿ, "ನಮಗೆ ಒಂದು ಗಂಟೆ ಸ್ಲಾಟೇ ಬೇಕು" ಎಂದರು. ಕಲೋನಿನವರು "ಅದು ನಮಗೆ" ಎಂದರು. ಓಟಿಗೆ ಹಾಕಿದರೆ ಸಮಸಮ ಬಂತು. ಇನ್ನೊಮ್ಮೆ ಹಾಕಿದರೂ ಸಮ. ಬೆಳಗಿನ ಹನ್ನೊಂದೂವರೆ ಬೇಕೇ ಎಂದು ಕೇಳಿದರೆ ಒಬ್ಬರೂ ಉಸಿರೆತ್ತಲಿಲ್ಲ.

ಆ ದಿನ ಒಂದು ಸಣ್ಣ ಊರಿನ ಸೆನೆಟರು ಬಂದಿರಲಿಲ್ಲ. ಅವರ ಖಾಲಿ ಕುರ್ಚಿಯ ಮೇಲೆ ಯಾರದೋ ಕೋಟು ಇತ್ತು. ಹನ್ನೊಂದೂವರೆ ಸ್ಲಾಟನ್ನು ಸರ್ವಾನುಮತದಿಂದ ಅದಕ್ಕೆ ಕೊಟ್ಟೆವು.